ಎಲ್ಲರೂ ನಕ್ಕಾದ ಮೇಲೆ

ನಮ್ಮ ಮನೆಯವರಿಗೆ ನಗು ತಡವಾಗಿ ಬರುತ್ತಿತ್ತು. ನಾಲ್ಕು ಮಂದಿ ಕೂತ ಕಡೆ ಯಾರಾದರೂ ನಗೆಮಾತು ಆಡಿದರೆ, ಉಳಿದವರೆಲ್ಲ ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ಚಹಾದ ಲೋಟಕ್ಕೆ ಕೈ ಹಾಕುವ ಹೊತ್ತಿಗೆ ಇವರು ಶುರು ಮಾಡುತ್ತಿದ್ದರು. ಮೊದಲು ಮೂಗಿನಿಂದ ಒಂದು ಸಣ್ಣ ಸದ್ದು. ಆಮೇಲೆ ಹೊಟ್ಟೆಯಿಂದ ಹೊ ಹೊ ಹೊ ಎಂದು ಮೂರು. ಉಸಿರು ತಗೊಂಡು ಮತ್ತೆ ಮೂರು. ಕಡೆಗೆ ಎಣ್ಣೆ ಕಾಣದ ಬಾಗಿಲು ತೆಗೆದಂಗೆ ಉದ್ದಕ್ಕೆ ಒಂದು. ನಾನು ಎಣಿಸಿದ್ದೇನೆ. ಶುರುವಿನಿಂದ ಕಡೆಯ ತನಕ ಒಂಬತ್ತು ಎಣಿಸುವಷ್ಟು ಹೊತ್ತು. ಹೆಚ್ಚಲ್ಲ, ಕಡಿಮೆಯಲ್ಲ.

ಅವರ ಹೆಸರು ಮುದುಕಪ್ಪ. ಇದ್ದಾಗ ಈ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದು ಮದುವೆಯ ದಿನ, ಒಡಪು ಎಂಬ ಪ್ರಾಸದ ಮಾತು ಕಟ್ಟಿ, ಒಂದೇ ಸಲ. ಬರೆಯಬಾರದೆಂದು ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಊರು ದೇವದುರ್ಗ ತಾಲೂಕಿನ ಜಾಲಹಳ್ಳಿ. ಇವರ ಅಕ್ಕ ಚನ್ನಮಲ್ಲಮ್ಮ ಹುಟ್ಟಿದ ಮೇಲೆ ಮೂರು ಕೂಸು ಉಳಿಯಲಿಲ್ಲವಂತೆ. ಆಮೇಲೆ ಇವರು ಹುಟ್ಟಿದಾಗ, ಇದಾದರೂ ಮುದುಕನಾಗುವ ತನಕ ಬದುಕಲಿ ಎಂದು ಅಜ್ಜಿ ಈ ಹೆಸರಿಟ್ಟಳಂತೆ. ಅರವತ್ತಕ್ಕೇ ಹೋದರು. ತಲೆಯ ಕೂದಲು ಅರ್ಧವೂ ಬೆಳ್ಳಗಾಗಿರಲಿಲ್ಲ.

ಅವರ ಕೆಲಸ ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕ ಮಾಡುವುದು, ನಮ್ಮ ಮನೆಯೂ ಮಾನ್ವಿಯಲ್ಲೇ. ಹಮಾಲರು ಭತ್ತದ ಚೀಲ ತಂದು ಕಾಟಾದ ಮೇಲೆ ಒಗೆಯುತ್ತಾರೆ. ಕಾಟಾ ಎಂದರೆ ಕಬ್ಬಿಣದ ತಕ್ಕಡಿ. ಚೀಲ ಬಿದ್ದ ಕೂಡಲೇ ಅದರ ದಂಡಿ ಮೇಲೆ ಕೆಳಗೆ ಆಡುತ್ತದೆ. ಆಡುವಾಗ ತೂಕ ಕೂಗಬಾರದು. ಕೂಗಿದರೆ ರೈತನಿಗೆ ಇಲ್ಲವೇ ಗಿರಣಿಗೆ, ಯಾರಿಗಾದರೂ ಒಬ್ಬರಿಗೆ ಮೋಸ. ದಂಡಿ ಪೂರಾ ನಿಂತ ಮೇಲೆಯೇ ಇವರು ಕೂಗುತ್ತಿದ್ದರು, ಚೀಟಿ ಬರೆಯುತ್ತಿದ್ದರು. ಹಿಂದೆ ಎಷ್ಟು ಬಂಡಿ ನಿಂತಿರಲಿ, ಟ್ರ್ಯಾಕ್ಟರಿನವರು ಎಷ್ಟು ಒದರಲಿ, ಇವರದು ಒಂದೇ ಮಾತು: “ಕಾಟಾ ನಿಂದ್ರಲಿ.”

ಮಾತಿಗೂ ಹಾಗೇ. ನಗುವಿಗೂ ಹಾಗೇ. ಇದು ನನಗೆ ತಿಳಿಯುವುದಕ್ಕೆ ಮದುವೆಯಾಗಿ ಒಂದು ತಿಂಗಳು ಬೇಕಾಯಿತು. ಅಲ್ಲಿಯ ತನಕ ನನ್ನ ಗಂಡನಿಗೆ ನಗು ಅಂಬೋದೇ ಗೊತ್ತಿಲ್ಲ ಎಂದುಕೊಂಡಿದ್ದೆ. ಒಂದು ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಧೈರ್ಯ ಮಾಡಿ ಹೇಳಿದೆ, “ಏನ್ರಿ, ನಿಮ್ಮ ಅಕ್ಕಾರ ಗೊರಕಿಗೆ ಬೆಕ್ಕು ಮನಿ ಬಿಟ್ಟು ಹೋತ್ರಿ.” ಅವರು ನನ್ನ ಮುಖ ನೋಡಿದರು. ನಗಲಿಲ್ಲ. ಕೈ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಹಿರಿಯಳ ಮೇಲೆ ಮಾತಾಡಿ ತಪ್ಪು ಮಾಡಿದೆ ಎಂದು ನನಗೆ ಹೆಂಚಿನ ಮೇಲಿನ ರೊಟ್ಟಿ ಸೀದದ್ದೂ ಗೊತ್ತಾಗಲಿಲ್ಲ. ಇವರು ಓಣಿಯ ಬೇವಿನ ಗಿಡದ ತನಕ ಹೋಗಿರಬೇಕು. ಅಲ್ಲಿಂದ ಕೇಳಿಸಿತು, ಹೊ ಹೊ ಹೊ. ಆಮೇಲೆ ಮತ್ತೆ ಮೂರು. ಆಮೇಲೆ ಉದ್ದಕ್ಕೆ ಒಂದು. ಎದುರು ಮನೆಯವಳು ಹೊರಗೆ ಬಂದು, “ಅಮರವ್ವಾ, ನಿನ ಗಂಡಗ ಏನಾಗ್ಯಾದವಾ?” ಎಂದಳು.

ತೊಂಬತ್ತೈದನೆಯ ಇಸವಿಯಲ್ಲಿ ಗಿರಣಿಯ ಅಕ್ಕಿ ಲೋಡಿನ ಜೊತೆ ಇವರನ್ನು ಬೆಂಗಳೂರಿಗೆ ಕಳಿಸಿದರು. ಲಾರಿ ನಡೆಸುತ್ತಿದ್ದವನು ರಾಯಚೂರಿನ ಹುಸೇನಪೀರ, ಇವರ ಗೆಳೆಯ. ಯಶವಂತಪುರದ ಮಾರ್ಕೆಟ್ಟಿನಲ್ಲಿ ಲೋಡು ಇಳಿಸುವ ಸರದಿ ಮರುದಿನಕ್ಕೆ ಹೋಯಿತು. ಇಬ್ಬರೂ ಚಹಾದ ಅಂಗಡಿ ಮುಂದೆ ಸುಮ್ಮನೆ ನಿಂತಿದ್ದಾಗ ಪ್ಯಾಂಟು ಹಾಕಿದ ಒಬ್ಬ ಮನುಷ್ಯ ಬಂದು, “ಬರ್ತೀರಾ ಸಾರ್? ಟಿ.ವಿ. ಧಾರಾವಾಹಿ ಶೂಟಿಂಗು. ಎರಡು ಗಂಟೆ ಕೂತು ನಗಬೇಕು. ಊಟ ಇದೆ” ಎಂದನಂತೆ.

“ನಡಿಯಲೇ, ನಗೂದಕ್ಕ ಊಟ ಹಾಕ್ತಾರಂತ” ಎಂದ ಹುಸೇನಪೀರ.

“ನಗಿ ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಉಂಡು ಎದ್ದು ಬರೋಣು. ಉಂಡದ್ದು ವಾಪಸ್ ಕೇಳ್ತಾರೇನು?”

ಧಾರಾವಾಹಿಯ ಹೆಸರು ‘ಒಂದೇ ಬಚ್ಚಲು’. ಆಗಿನವರಿಗೆ ನೆನಪಿರಬಹುದು. ಒಂದು ಮನೆ, ಒಂಬತ್ತು ಮಂದಿ, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಬೆಳಗಾದರೆ ಬಕೆಟ್ಟು ಹಿಡಿದು ಸಾಲಿನಲ್ಲಿ ನಿಲ್ಲುವುದು, ಜಗಳ, ಸೋಪಿನ ಕಳವು. ಆ ಮನೆಯ ತಾತ ಮಾತ್ರ ಒಳಗೆ ಹೊಕ್ಕರೆ ಹೊರಗೆ ಬರುವವನಲ್ಲ. ಆ ದಿನ ತೆಗೆದದ್ದು ನಾಲ್ಕನೆಯ ಕಂತು. ಬೆಂಚುಗಳ ಮೇಲೆ ಅರವತ್ತು ಮಂದಿಯನ್ನು ಕೂರಿಸಿ ಅವರ ಎದುರಿಗೇ ಆಟ ಆಡಿದರಂತೆ. ಒಬ್ಬ ಕೈ ಎತ್ತಿದರೆ ಎಲ್ಲರೂ ನಗಬೇಕು, ಕೈ ಇಳಿಸಿದರೆ ನಿಲ್ಲಿಸಬೇಕು.

ಮನೆಯವರೆಲ್ಲ ಬಚ್ಚಲ ಬಾಗಿಲು ಬಡಿದು “ಒಳಗೆ ಯಾರು?” ಎಂದು ಕೇಳುತ್ತಾರೆ. ಒಳಗಿನಿಂದ ತಾತ “ಯಾರೂ ಇಲ್ಲ!” ಎಂದು ಕೂಗುತ್ತಾನೆ. “ಯಾರೂ ಇಲ್ವಂತೆ, ಆಮೇಲೆ ಬರೋಣ ಬನ್ನಿ” ಎಂದು ಸೊಸೆ ಎಲ್ಲರನ್ನೂ ಕರೆದುಕೊಂಡು ಹೋಗುತ್ತಾಳೆ. ಕೈ ಮೇಲಕ್ಕೆ ಹೋಯಿತು. ಅರವತ್ತು ಮಂದಿ ನಕ್ಕರು, ಇವರೊಬ್ಬರನ್ನು ಬಿಟ್ಟು. ಕೈ ಇಳಿಯಿತು. ತಾತ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಪೇಪರು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದು ಆ ಕಡೆ ಈ ಕಡೆ ನೋಡಿ ಇನ್ನೇನು ಬಾಯಿ ತೆಗೆಯಬೇಕು, ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ನಮ್ಮ ಮನೆಯವರು ಶುರು ಮಾಡಿದರು.

ಊರಿಗೆ ಬಂದ ಮೇಲೆ ನಾನು ಕೇಳಿದೆ, “ಯಾಕ್ರಿ, ಎಲ್ಲಾರ ಸಂಗಾಟ ನಗಬಾರದೇನು? ಮಂದಿ ಏನಂದಾರು?”

“ಯಾರೂ ಇಲ್ಲಂತ ಒಳಗಿಂದ ಒದರಿದ. ಯಾರೂ ಇಲ್ಲಂದ್ರ ಒದರಿದಾವ ಯಾರು? ಅದನ್ನ ಒಬ್ಬರೂ ಕೇಳಲಿಲ್ಲ. ನಾ ಕೇಳಿಕೊಂಡೆ. ಆಮ್ಯಾಲ ಬಂತು ನಗಿ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು, “ಆ ತಾತ ನನ ಕಡೆ ನೋಡಿದ ನೋಡು. ನಾ ಮುಗಿಸೂತನಕ ನಿಂತ.”

“ಹೂಂ, ನಿಂತಿರತಾನ. ದೊಡ್ಡ ನಟ, ನಿಮ್ಮ ಸಲುವಾಗಿ ನಿಂತಿರತಾನ!” ಎಂದೆ. ಹುಸೇನಪೀರನೂ ನಂಬಲಿಲ್ಲ. ಅವನಿಗೆ ಊಟದ್ದೇ ನೆನಪು. ಎರಡು ಸಲ ಪಲ್ಯ ಹಾಕಿಸಿಕೊಂಡಿದ್ದನಂತೆ.

ಮೂರು ತಿಂಗಳಾದ ಮೇಲೆ ಅದು ಟಿ.ವಿ.ಯಲ್ಲಿ ಬಂತು. ಆಗ ನಮ್ಮ ಓಣಿಯಲ್ಲಿ ಟಿ.ವಿ. ಇದ್ದದ್ದು ಅಬ್ದುಲ್ ವಹೀದ್ ಅವರ ರಿಪೇರಿ ಅಂಗಡಿಯಲ್ಲಿ ಮಾತ್ರ. ಅಂಗಡಿಯ ಮುಂದೆ ಗೋಣಿಚೀಲ ಹಾಸಿ ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ ಕೂತು ನೋಡುತ್ತಿದ್ದೆವು. ತಾತ “ಯಾರೂ ಇಲ್ಲ!” ಎಂದ. ಟಿ.ವಿ.ಯೊಳಗಿನವರು ನಕ್ಕರು, ಗೋಣಿಚೀಲದ ಮೇಲಿನವರೂ ನಕ್ಕರು. ಎಲ್ಲ ಮುಗಿಯಿತು. ಆಗ ಆ ಪೆಟ್ಟಿಗೆಯೊಳಗಿಂದ, ಹೊ ಹೊ ಹೊ.

ಹೆಸರು ಹೇಳುವಂತಿಲ್ಲ. ಎದ್ದು ನಿಂತು, “ನಮ್ಮನಿಯವ್ರು! ನಮ್ಮನಿಯವ್ರು!” ಎಂದು ಒದರಿದೆ. ಅಷ್ಟರಲ್ಲಿ ಗಂಡಸರ ಕಡೆಯಿಂದ “ಮುದುಕಪ್ಪನ ನಗಿ ಬೇ ಅದು!” ಎಂದು ಹತ್ತು ದನಿ ಎದ್ದವು. ಒಂಬತ್ತು ವರ್ಷದ ಮಗಳು ಸುಮಂಗಲಾ ಓಡಿಹೋಗಿ ಟಿ.ವಿ.ಯ ಹಿಂದೆ ಇಣುಕಿ ನೋಡಿದಳು. ಆ ಗದ್ದಲದಲ್ಲಿ ತಾತ ಏನು ಮಾಡಿದ, ಮುಂದೆ ಏನು ಹೇಳಿದ, ಒಬ್ಬರೂ ನೋಡಲಿಲ್ಲ. ಇವರು ಮಾತ್ರ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದರು. ನಾವೆಲ್ಲ ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ನಕ್ಕರು.

ಮರುವರ್ಷ ಅದನ್ನೇ ಮತ್ತೆ ಮಧ್ಯಾಹ್ನ ತೋರಿಸಿದಾಗ ವಹೀದ್ ಅವರು ಕ್ಯಾಸೆಟ್ಟಿಗೆ ತುಂಬಿಕೊಂಡರು. ಅವರ ಹತ್ತಿರ ಮದುವೆ ಕ್ಯಾಸೆಟ್ಟು ಹಾಕಿ ತೋರಿಸುವ ವಿ.ಸಿ.ಆರ್. ಇತ್ತು. “ತಗೋ ಮುದುಕಪ್ಪಾ, ನಿನ ನಗಿ ನಿನ ಹತ್ರನ ಇರಲಿ” ಎಂದು ಕೊಟ್ಟರು. ನಮ್ಮ ಮನೆಯಲ್ಲಿ ಹಾಕಿ ನೋಡಲು ಏನೂ ಇರಲಿಲ್ಲ. ನಾಗರಪಂಚಮಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಅಂಗಡಿಗೆ ಒಯ್ದು ನೋಡಿ ಬರುತ್ತಿದ್ದೆವು. ಚಿತ್ರದ ತುಂಬ ಗೆರೆ, ಯಾರ ಮುಖವೂ ಸರಿಯಾಗಿ ಕಾಣದು; ನಗು ಶುರುವಾದ ಕೂಡಲೇ ನಾವೆಲ್ಲ ಟಿ.ವಿ. ಬಿಟ್ಟು ಇವರ ಮುಖವನ್ನೇ ನೋಡುತ್ತಿದ್ದೆವು. ಉಳಿದ ದಿನ ಅದು ದೇವರ ಮಾಡದ ಪಕ್ಕ ಗೋಡೆಯಲ್ಲಿದ್ದ ಇನ್ನೊಂದು ಮಾಡದಲ್ಲಿ ಇರುತ್ತಿತ್ತು. ಬೀಗರು ಬಂದರೆ ಇವರು ಅದನ್ನು ಕೈಯಲ್ಲಿ ಹಿಡಿದು, “ಇದರಾಗ ನಾ ಅದೀನಿ” ಎನ್ನುತ್ತಿದ್ದರು. ಸಂತೆಯಲ್ಲಿ ಮಂದಿ “ಟಿ.ವಿ. ಮುದುಕಪ್ಪಾ, ಒಮ್ಮೆ ನಕ್ಕು ತೋರಿಸಪಾ” ಎಂದರೆ ತೋರಿಸುತ್ತಿರಲಿಲ್ಲ. “ಕಾಟಾದ ಮ್ಯಾಲ ಏನರ ಇಡ್ರಿ. ಬರೇ ಕಾಟಾ ಏನ್ ಹೇಳತದ?” ಎನ್ನುತ್ತಿದ್ದರು.

ಆಮೇಲೆ ಗಿರಣಿಗೆ ಕರೆಂಟಿನ ಕಾಟಾ ಬಂತು. ಚೀಲ ಇಟ್ಟ ಕೂಡಲೇ ಕೆಂಪು ಅಂಕಿ ತೋರಿಸುವಂಥದ್ದು. ಕೂಗುವವರು ಬೇಕಿಲ್ಲ, ಚೀಟಿಯೂ ತಾನೇ ಹೊರಗೆ ಬರುತ್ತದೆ. ಇವರನ್ನು ಚೀಲ ನೋಡಿಕೊಳ್ಳಲು ಗೋದಾಮಿಗೆ ಹಾಕಿದರು. ಒಂದು ದಿನವೂ ಬೈದವರಲ್ಲ. ಊಟಕ್ಕೆ ಕೂತಾಗ ಒಂದು ಸಲ, “ಅದು ನಿಂದ್ರೂದಿಲ್ಲ ಅಮರಾ, ಬರೇ ಹೇಳತದ” ಎಂದರು. ಅಷ್ಟೇ.

ಎರಡು ಸಾವಿರದ ಹದಿಮೂರರ ಶ್ರಾವಣದಲ್ಲಿ ಲಕ್ವಾ ಹೊಡೆಯಿತು. ರಾಯಚೂರಿನ ದವಾಖಾನೆಯಲ್ಲಿ ಹನ್ನೆರಡು ದಿನ ಇದ್ದೆವು. ಬಲಗೈ ಸ್ವಲ್ಪ ತಿರುಗಿತು, ಕಾಲು ಸ್ವಲ್ಪ ತಿರುಗಿತು. ಮಾತು ತಿರುಗಲಿಲ್ಲ. ಮಾತು ಹೋದದ್ದನ್ನು ನಾನು ತಡಕೊಂಡೆ, ಅವರು ಮೊದಲೇ ಹೆಚ್ಚು ಮಾತಿನವರಲ್ಲ. ನಗು ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಏನಾದರೂ ಹೇಳುತ್ತಿದ್ದೆ, ಆಮೇಲೆ ಕಾಯುತ್ತಿದ್ದೆ. ಒಲೆಗೆ ಕಟ್ಟಿಗೆ ಇಟ್ಟು ಬರುತ್ತಿದ್ದೆ, ಇನ್ನೂ ಕಾಯುತ್ತಿದ್ದೆ. ಕಣ್ಣು ಸಣ್ಣದಾಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಎಂಟು ತಿಂಗಳು ಹಾಗೆ ಇದ್ದರು. ಮಾಡದ ಕಡೆ ಎಡಗೈ ತೋರಿಸುವರು. ಕ್ಯಾಸೆಟ್ಟು ತಂದು ಕೊಡುತ್ತಿದ್ದೆ. ಎದೆಯ ಮೇಲೆ ಇಟ್ಟುಕೊಂಡು ಮಲಗುವರು. ಹಾಕಿ ತೋರಿಸೋಣವೆಂದರೆ ವಹೀದ್ ಅವರ ವಿ.ಸಿ.ಆರ್. ಕೆಟ್ಟು ಎಷ್ಟೋ ವರ್ಷವಾಗಿತ್ತು. ಅಂಗಡಿಯನ್ನು ಅವರ ಮಗ ಶಾಕಿರ್ ಮೊಬೈಲ್ ಅಂಗಡಿ ಮಾಡಿದ್ದ.

ತೀರಿಕೊಂಡ ದಿನ ಜಾಲಹಳ್ಳಿಗೆ ಒಯ್ದೆವು. ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಕುಣಿಯೊಳಗೆ ಗೂಡು ತೆಗೆದು, ಅದರಲ್ಲಿ ಕೂರಿಸಿ, ವಿಭೂತಿ ಪತ್ರಿ ಇಡುತ್ತಾರೆ. ನಾನು ಸೆರಗಿನಲ್ಲಿ ಕ್ಯಾಸೆಟ್ಟು ಕಟ್ಟಿಕೊಂಡು ಹೋಗಿದ್ದೆ. ಎಂಟು ತಿಂಗಳು ಎದೆಯ ಮೇಲೆ ಇಟ್ಟುಕೊಂಡದ್ದನ್ನು ಕಿತ್ತುಕೊಂಡು ಹೇಗೆ ಕಳಿಸುವುದು?

ಚನ್ನಮಲ್ಲಮ್ಮ ತಡೆದಳು. “ಏ ಹುಚ್ಚಿ, ವಿಭೂತಿ ಇಡೋ ಜಾಗದಾಗ ಇದೇನು?”

ಮಠದ ಅಯ್ಯನವರು, ಮಲ್ಲಯ್ಯನವರು, ಒಂದು ಕ್ಷಣ ನೋಡಿದರು. “ಅವನ ವಸ್ತು ಅಲ್ಲೇನವ್ವಾ? ಇಡಲಿ ಬಿಡು” ಎಂದರು. ನನ್ನ ಕೈಯಿಂದ ತಗೊಂಡು ಅವರ ಮಡಿಲಲ್ಲಿ ಇಟ್ಟರು. ಮೂರು ಹಿಡಿ ಮಣ್ಣು ನಾನೂ ಹಾಕಿದೆ.

ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಇಷ್ಟು: ಇದು ಅವರದು, ಅವರಿಗೆ ಇರಲಿ. ನಮಗೆ ಟಿ.ವಿ.ಯಲ್ಲಿ ಇದ್ದೇ ಇರುತ್ತದೆ. ಎರಡು ಸಲ ತೋರಿಸಿದವರು ಮೂರನೆಯ ಸಲ ತೋರಿಸದೆ ಇರುತ್ತಾರೆಯೇ?

ಐದು ತಿಂಗಳು ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದವರನ್ನು ನೋಡುವುದು, ತಿಥಿ, ಹಬ್ಬ. ನಾಗರಪಂಚಮಿಯ ದಿನ ಉಂಡಿ ಕಟ್ಟುತ್ತಾ ಕೂತಿದ್ದಾಗ, ಇವತ್ತು ವಹೀದ್ ಅವರ ಅಂಗಡಿಗೆ ಹೋಗುವ ದಿನ ಎಂದು ನೆನಪಾಯಿತು. ಕೈ ಅಲ್ಲೇ ನಿಂತಿತು. ಅವರ ಫೋಟೋ ನಾಲ್ಕು ಇವೆ. ಅವರ ದನಿ ಎಲ್ಲಿಯೂ ಇಲ್ಲ. ಶಾಕಿರನ ಹತ್ತಿರ ಓಡಿದೆ. ಅವನು ಫೋನಿನಲ್ಲಿ ಹುಡುಕಿದ, ಒಂದು ವಾರ ಹುಡುಕಿದ. “ಅಮ್ಮಾ, ಆ ಸೀರಿಯಲ್ಲಿಂದು ಒಂದು ಫೋಟೋ ಅದ, ಮತ್ತೇನೂ ಇಲ್ಲ. ನಮ್ಮ ಅಬ್ಬಾ ತುಂಬಿದ್ದು ನಿಮ್ಮ ಹತ್ರ ಇತ್ತಲ್ಲ, ಅದನ್ನ ತರ್ರಿ. ರಾಯಚೂರಾಗ ಹೊಸಾದಕ್ಕ ಇಳಿಸಿ ಕೊಡೋರು ಅದಾರ.”

ನಾನು ಮನೆಗೆ ಬಂದೆ.

ಸುಮಂಗಲಾಗೆ ಹೇಳಲೇಬೇಕಾಯಿತು. ಮಣ್ಣಿನ ದಿನ ಅವಳು ಹಸಿ ಬಾಣಂತಿ, ಶಕ್ತಿನಗರದ ಮನೆ ಬಿಟ್ಟು ಬಂದಿರಲಿಲ್ಲ. ಅಳಿಯ ಆನಂದ ಅಲ್ಲಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದಾನೆ. ಅವಳು ತಂದೆಯನ್ನು ಕಡೆಯ ಸಲ ನೋಡಿದ್ದು ಮಾತಿಲ್ಲದ ಮೇಲೆಯೇ. ಕೇಳಿದವಳೇ, “ನೀ ಹೆಂಡತಿ, ಖರೆ. ನಾ ಮಗಳಲ್ಲೇನು? ನನಗೊಂದು ಮಾತು ಕೇಳಬಾರದಾಗಿತ್ತೇನು? ನನ್ನ ಮಗಳು ಅಜ್ಜನ ದನಿ ಎಲ್ಲಿಂದ ಕೇಳಬೇಕು?” ಎಂದಳು. ಆಮೇಲೂ ಹಬ್ಬಕ್ಕೆ ಬರುತ್ತಿದ್ದಳು, ಸೀರೆ ತರುತ್ತಿದ್ದಳು, ಔಷಧ ತರುತ್ತಿದ್ದಳು. ಆ ಮಾಡದ ಕಡೆ ಮಾತ್ರ ತಿರುಗಿ ನೋಡುತ್ತಿರಲಿಲ್ಲ. ಹನ್ನೊಂದು ವರ್ಷ.

ತೆಗೆಯಬಹುದೇ ಎಂಬ ಯೋಚನೆಯೂ ಬಂದದ್ದುಂಟು. ಸುಳ್ಳು ಯಾಕೆ ಹೇಳಲಿ? ಒಂದು ಸಲ ಜಾಲಹಳ್ಳಿಯ ಬಸ್ಸು ಹತ್ತಿ ಒಬ್ಬಳೇ ಹೋದೆ. ಗದ್ದುಗೆಯ ಮುಂದೆ ಮಧ್ಯಾಹ್ನದ ತನಕ ಕೂತೆ. ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರೊಳಗೆ ಪ್ಲಾಸ್ಟಿಕ್ಕಿನ ಡಬ್ಬಿ ಉಳಿದರೂ ನಗು ಉಳಿದಿರಲಿಕ್ಕಿಲ್ಲ. ಉಳಿದಿದ್ದರೂ ಕೂತವರನ್ನು ಎಬ್ಬಿಸುವುದೇ? ಕಾಯಿ ಒಡೆದು ಬಂದೆ.

ಈ ವರ್ಷ ಯುಗಾದಿ ಆದ ಮೇಲೆ ಒಂದು ದಿನ ಸುಮಂಗಲಾ ಫೋನು ಮಾಡಿದಳು. ದನಿಯೇ ಬೇರೆ ಇತ್ತು.

“ಯವ್ವಾ, ‘ಒಂದೇ ಬಚ್ಚಲು’ ಮತ್ತ ಬರಾಕತ್ತದ!”

ಒಂದು ಖಾಸಗಿ ಚಾನೆಲ್ಲಿನವರು ಮೂವತ್ತು ವರ್ಷದ ಮೇಲೆ ಅದನ್ನು ಮತ್ತೆ ಎಬ್ಬಿಸುತ್ತಿದ್ದರು. ಆಗಿನ ಸೊಸೆ ಈಗ ಅತ್ತೆ, ಆಗಿನ ಮೊಮ್ಮಕ್ಕಳಿಗೆ ಈಗ ಮಕ್ಕಳು. ತಾತನ ಪಾರ್ಟು ಮಾಡಿದವರು ತೀರಿಹೋಗಿದ್ದರಿಂದ ಬಚ್ಚಲ ಬಾಗಿಲ ಮೇಲೆ ಅವರ ಫೋಟೋಕ್ಕೆ ಹಾರ ಹಾಕಿದ್ದಾರಂತೆ. ಹೊಸದು ಶುರುವಾಗುವ ಮುಂಚೆ ಹಳೆಯ ಹತ್ತು ಕಂತುಗಳನ್ನು ಚೊಕ್ಕ ಮಾಡಿ, ಭಾನುವಾರಕ್ಕೊಂದರಂತೆ ಬೆಳಿಗ್ಗೆ ಹನ್ನೊಂದಕ್ಕೆ ತೋರಿಸುತ್ತಾರೆ.

“ನಾಲ್ಕನೇದೂ ಅದ ಏನು?” ಎಂದೆ.

“ಅದ ಯವ್ವಾ. ಕೇಳೇ ಫೋನ್ ಮಾಡೀನಿ.”

ಹನ್ನೊಂದು ವರ್ಷದ ಮೇಲೆ ನನ್ನ ಮಗಳು ಆ ವಿಷಯ ತಾನಾಗಿ ಎತ್ತಿದ್ದಳು. ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡೆ.

ಮೊದಲನೆಯ ಭಾನುವಾರ ಮಾನ್ವಿಯಲ್ಲೇ ನೋಡಿದೆ. ಚಿತ್ರ ಈಗ ತೊಳೆದಂತೆ ಇತ್ತು, ಸೊಸೆಯ ಸೀರೆಯ ಬಣ್ಣ ಹಸಿರು ಎಂದು ಆಗಲೇ ಗೊತ್ತಾದದ್ದು. ಮನೆಯವರು ಸಾಲಿನಲ್ಲಿ ನಿಂತರು, ಜಗಳ ಆಡಿದರು. ಯಾರೂ ನಗಲಿಲ್ಲ. ಮಂದಿ ನಗಬೇಕಾದ ಕಡೆ ಸಣ್ಣಗೆ ಪೀಪಿ ತಬಲಾ ಬಾರಿಸಿ ಮುಂದೆ ಹೋದರು. ನನ್ನ ಕಿವಿಗೇ ಏನೋ ಆಗಿದೆ ಎಂದುಕೊಂಡು ದನಿ ಹೆಚ್ಚು ಮಾಡಿದೆ. ಅರವತ್ತು ಮಂದಿಯಲ್ಲಿ ಒಬ್ಬರೂ ಇರಲಿಲ್ಲ.

ಸುಮಂಗಲಾ ಚಾನೆಲ್ಲಿನ ನಂಬರು ಹುಡುಕಿ ಮಾತಾಡಿದಳು. ನನಗೂ ಕೇಳಲೆಂದು ಇನ್ನೊಂದು ಕಡೆಯಿಂದ ಜೋಡಿಸಿದ್ದಳು. ಒಂದು ಹುಡುಗಿ ಹೇಳಿದಳು, “ಆ ಹಳೆ ನಗು ಎಲ್ಲ ತೆಗೆದು ಸೌಂಡ್ ಕ್ಲೀನ್ ಮಾಡಿದೀವಿ ಮೇಡಂ. ಈಗಿನವರಿಗೆ ಅದು ಕಿರಿಕಿರಿ ಆಗುತ್ತೆ.”

“ತೆಗೆದದ್ದು ಎಲ್ಲಿ ಇಟ್ಟೀರ್ರಿ?” ಎಂದಳು ಸುಮಂಗಲಾ.

“ತೆಗೆದದ್ದನ್ನ ಯಾರು ಇಡ್ತಾರೆ ಮೇಡಂ?” ಹುಡುಗಿ ಕೆಟ್ಟವಳಲ್ಲ. ನಿಜವಾಗಿ ಕೇಳಿದಳು.

ಅವಳು ಫೋನು ಇಟ್ಟ ಮೇಲೆ ನಾವಿಬ್ಬರೇ ಉಳಿದೆವು. ಸುಮಂಗಲಾ ಮೆಲ್ಲಗೆ, “ಅವರೂ ಮಣ್ಣು ಮಾಡ್ಯಾರವ್ವಾ” ಎಂದಳು. ಬಯ್ಯುವ ದನಿಯಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ಆದರೂ ನಾಲ್ಕನೆಯ ಭಾನುವಾರ ಶಕ್ತಿನಗರಕ್ಕೆ ಹೋದೆ. ಇಲ್ಲವೆಂದು ಗೊತ್ತಿದ್ದೂ ಯಾಕೆ ಹೋದೆ ಎಂದರೆ, ಅವರು ಕೂತಿದ್ದ ಜಾಗವನ್ನಾದರೂ ಮಗಳ ಪಕ್ಕದಲ್ಲಿ ಕೂತು ನೋಡೋಣ ಎಂದು. ದಾರಿಯಲ್ಲಿ ರಾಯಚೂರಿನಲ್ಲಿ ಹುಸೇನಪೀರನನ್ನು ಕರೆದುಕೊಂಡೆ. ಈಗ ಲಾರಿ ಬಿಟ್ಟಿದ್ದಾನೆ, ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕುತ್ತಾನೆ. ಬಸ್ಸಿನಲ್ಲಿ, “ಭಾಬಿ, ಅಲ್ಲಿ ಊಟ ಅದ ಏನು? ಆವತ್ತಿನಂಗ ಪಲ್ಯ ಎರಡು ಸಲ ಹಾಕಬೇಕು ನೋಡ್ರಿ” ಎಂದ. ನಗಿಸಬೇಕೆಂದೇ ಅಂದದ್ದು. ಆಮೇಲೆ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಸುಮಂಗಲಾ ಟಿ.ವಿ.ಯ ಮುಂದೆ ಚಾಪೆ ಹಾಸಿದ್ದಳು. ಮೊಮ್ಮಗಳು ಅವಳ ತೊಡೆಗೆ ಒರಗಿದ್ದಳು. ಆನಂದ ಕುರ್ಚಿಯ ಮೇಲೆ. ಇದು ಇಂಟರ್ನೆಟ್ಟಿನಲ್ಲಿ ಬರುವ ಟಿ.ವಿ., ಬೇಕಾದರೆ ಹಿಂದೆ ಮುಂದೆ ಮಾಡಬಹುದು.

ಬಾಗಿಲು ಬಡಿದರು. “ಒಳಗೆ ಯಾರು?” “ಯಾರೂ ಇಲ್ಲ!” “ಯಾರೂ ಇಲ್ವಂತೆ, ಆಮೇಲೆ ಬರೋಣ ಬನ್ನಿ.” ಪೀಪಿ ತಬಲಾ ಬಂತು, ನಿಂತಿತು. ತಾತ ಹೊರಗೆ ಬಂದ. ಹೆಗಲಿಗೆ ಟವೆಲ್ಲು, ಕಂಕುಳಲ್ಲಿ ಪೇಪರು. ಆ ಕಡೆ ನೋಡಿದ, ಈ ಕಡೆ ನೋಡಿದ. ಮಾತಾಡಲು ಬಾಯಿ ತೆಗೆದ.

ತೆಗೆದ ಬಾಯಿ ಮುಚ್ಚಿದ.

ಸುಮ್ಮನೆ ನಿಂತ. ಕಣ್ಣು ಮಾತ್ರ ನಮ್ಮ ಎಡಗಡೆಗೆ, ದೂರಕ್ಕೆ, ಹಿಂದಿನ ಬೆಂಚಿರುವಷ್ಟು ದೂರಕ್ಕೆ ಹೋಯಿತು. ಸದ್ದು ಒಂದೂ ಇಲ್ಲ.

“ನೆಟ್ ನಿಂತತೇನು?” ಎಂದು ಆನಂದ ರಿಮೋಟಿಗೆ ಕೈ ಹಾಕಿದ.

“ಮುಟ್ಟಬ್ಯಾಡಪಾ” ಎಂದೆ. “ಕಾಟಾ ನಿಂದ್ರಲಿ.”

ತಾತನ ತುಟಿ ಬಿಗಿಯಾಗಿತ್ತು. ನಗು ತಡೆದವರ ತುಟಿ ಅದು. ಗಲ್ಲ ಎರಡು ಸಲ ಅದುರಿತು. ನಾನು ಎಣಿಸುತ್ತಿದ್ದೆ. ನಾಲ್ಕು, ಐದು, ಆರು. ಉಸಿರು ತಗೊಳ್ಳುವ ಕಡೆ ತಾತ ಇನ್ನೇನು ಮಾತಾಡಬೇಕೆಂದು ಗದ್ದ ಎತ್ತಿ, ಮತ್ತೆ ತಡೆದ. ಏಳು, ಎಂಟು. ಬಾಗಿಲು ತೆಗೆದಂಗೆ ಉದ್ದಕ್ಕೆ ಬರುವ ಕಡೆಯ ಒಂದು. ಒಂಬತ್ತು.

“ಈ ಮನೇಲಿ ಸ್ನಾನ ಮಾಡೋನು ನಾನೊಬ್ಬನೇ ನೋಡಿ” ಎಂದ ತಾತ.

ಹುಸೇನಪೀರ ಕಪ್ಪು ಕನ್ನಡಕ ತೆಗೆದಿದ್ದ. “ನಿಂತಿದ್ದ ಭಾಬಿ. ಖರೇನ ನಿಂತಿದ್ದ. ಅಂವ ಸಾವಿರ ಸಲ ಹೇಳಿದ, ನಾ ನಂಬಲಿಲ್ಲ” ಎಂದ. ನಾನೂ ನಂಬಿರಲಿಲ್ಲ.

ಸುಮಂಗಲಾ ಆನಂದನ ಕೈಯಿಂದ ರಿಮೋಟು ತಗೊಂಡಳು. ಹಿಂದಕ್ಕೆ ಮಾಡಿದಳು. ಮತ್ತೆ ತಾತ ಬಾಯಿ ತೆಗೆದ, ಮುಚ್ಚಿದ, ನಿಂತ. ಈ ಸಲ ಅವಳ ತುಟಿಯೂ ಆಡುತ್ತಿತ್ತು, ಅವಳೂ ಎಣಿಸುತ್ತಿದ್ದಳು. ಒಂಬತ್ತಕ್ಕೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು.

ಮೊಮ್ಮಗಳು ನನ್ನನ್ನು ಕೇಳಿದಳು, “ಅಜ್ಜಿ, ಈ ತಾತ ಯಾಕ ಸುಮ್ಮನ ನಿಂತಾನ?”

“ನಿಮ್ಮ ಅಜ್ಜ ನಗಾಕತ್ತಾನ. ಅದು ಮುಗೀಲಿ ಅಂತ ನಿಂತಾನ.”

“ನನಗ ಕೇಳಿಸವಲ್ದು.”

“ನಮಗೂ ಕೇಳಿಸವಲ್ದವಾ” ಎಂದಳು ಸುಮಂಗಲಾ. ಬಂದು ನನ್ನ ಪಕ್ಕ ಕೂತಳು. ಕ್ಯಾಸೆಟ್ಟಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. “ಇನ್ನೊಮ್ಮೆ ಹಾಕಲೇನು?” ಎಂದಳು.

“ಹಾಕು” ಎಂದೆ.

ಈಗ ಹೊಸದು ನಡೆಯುತ್ತಿದೆ. ಒಳ್ಳೆಯದೇ ಇರಬಹುದು, ಓಣಿಯಲ್ಲಿ ಮಂದಿ ನೋಡುತ್ತಾರೆ. ನನಗೆ ನಾಲ್ಕನೆಯದು ಸಾಕು. ಶಾಕಿರ್ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದಾನೆ. ಹುಡುಕಲು ಕಷ್ಟವಾಗದಿರಲಿ ಎಂದು ಸುಮಂಗಲಾ ಆ ದಿನವೇ ಒಂದು ಚೀಟಿ ಬರೆದಳು. ಅವಳ ತಂದೆ ಬರೆಯುತ್ತಿದ್ದ ತೂಕದ ಚೀಟಿಯಷ್ಟೇ ಇದೆ. ಮೇಲೆ ಅವರ ಹೆಸರು, ಕೆಳಗೆ ಎರಡು ಸಾಲು: ಹದಿನಾಲ್ಕು ನಿಮಿಷ ಇಪ್ಪತ್ತೆರಡು ಸೆಕೆಂಡಿನಿಂದ, ಹದಿನಾಲ್ಕು ನಿಮಿಷ ಮೂವತ್ತೊಂದು ಸೆಕೆಂಡಿನ ತನಕ. ಒಟ್ಟು ಒಂಬತ್ತು. ಹನ್ನೊಂದು ವರ್ಷ ಬರಿದಾಗಿದ್ದ ಮಾಡದಲ್ಲಿ ಅದನ್ನು ಅವಳೇ ಬಂದು ಇಟ್ಟು ಹೋಗಿದ್ದಾಳೆ.